60 ಲಕ್ಷದ ಕನ್ನಡ ಸಿನಿಮಾ: ಉಳಿದ ದುಡ್ಡು ಎಲ್ಲಿಂದ, ಬಿಡುಗಡೆ ಹೇಗೆ?

ಹೊಸಪರದೆ:

ಮೊದಲ ಸಿನಿಮಾ. ಸ್ಕ್ರಿಪ್ಟ್ ಮುಗಿದಿದೆ. ಶಿರಸಿ–ಸಿದ್ದಾಪುರ ಕಡೆ ನಡೆಯುವ ಕಥೆ, ಸುಮಾರು 100 ನಿಮಿಷ. ಸ್ಟಾರ್ ಯಾರೂ ಇಲ್ಲ, ಹೆಚ್ಚಿನವರು ರಂಗಭೂಮಿಯವರು. ಡಬ್ಬಿಂಗ್ ಇಲ್ಲದೆ ಸಿಂಕ್ ಸೌಂಡ್‌ನಲ್ಲೇ (ಶೂಟಿಂಗ್ ಜಾಗದಲ್ಲೇ ಮಾತು ರೆಕಾರ್ಡ್) ಮಾಡಬೇಕು ಅಂತಿದೆ. ಪ್ರಕಟವಾದ ಒಂದು ಸಣ್ಣಕಥೆಯ ಆಧಾರ, ಲೇಖಕರು ಬಾಯಿಮಾತಲ್ಲಿ ಒಪ್ಪಿದ್ದಾರೆ.

ಬಜೆಟ್ 60 ಲಕ್ಷ. ಶೂಟಿಂಗ್‌ಗೆ 47, ಎಡಿಟಿಂಗ್, ಸೌಂಡ್, ಡಿಐ (ಬಣ್ಣ ತಿದ್ದುವ ಕೆಲಸ) ಎಲ್ಲ ಸೇರಿ 13. ಕೈಯಲ್ಲಿ 25 ಲಕ್ಷ ಇದೆ. ಉಳಿದ 35ಕ್ಕೆ ಮೂರು ದಾರಿ ಕಾಣ್ತಿವೆ: ಗೊತ್ತಿರುವ 70 ಜನರಿಂದ ತಲಾ 50 ಸಾವಿರ ಎತ್ತುವುದು, ಗಾಂಧಿನಗರದ ಫೈನಾನ್ಶಿಯರ್ ಹತ್ತಿರ ತಿಂಗಳಿಗೆ 3% ಬಡ್ಡಿಗೆ 20 ಲಕ್ಷ ತೆಗೆದುಕೊಳ್ಳುವುದು, ಇಲ್ಲವೇ ಸರ್ಕಾರದ ಸಬ್ಸಿಡಿ 10, ಓಟಿಟಿ 25 ಬರುತ್ತದೆ ಅಂತ ನಂಬಿ ಈಗ ಕೈಸಾಲ ಮಾಡುವುದು. ಬಿಡುಗಡೆ ವಿಷಯದಲ್ಲಿ ಒಬ್ಬರು 40 ಸ್ಕ್ರೀನ್‌ನಲ್ಲಿ ಒಂದೇ ಸಲ ಹಾಕಿ ಅಂತಾರೆ, ಇನ್ನೊಬ್ಬರು ಮೊದಲು ಫೆಸ್ಟಿವಲ್‌ಗೆ ಕಳಿಸಿ ಅಂತಾರೆ. ಬಲ್ಲವರು ದಯವಿಟ್ಟು ಲೆಕ್ಕ ಸಮೇತ ಹೇಳಿ.

ಲೆಕ್ಕದಪುಸ್ತಕ:

ನಿಮ್ಮ 60ರಲ್ಲಿ ಬಿಡುಗಡೆಗೆ ಒಂದು ರೂಪಾಯಿಯೂ ಇಲ್ಲ. ಮೊದಲು ಸರಿಪಡಿಸಬೇಕಾದದ್ದು ಅದು. ಕನ್ನಡದಲ್ಲಿ ಸೆನ್ಸಾರ್ ಆಗಿ ಡಬ್ಬದಲ್ಲೇ ಉಳಿದ ಸಣ್ಣ ಸಿನಿಮಾಗಳ ಕಥೆ ಹೆಚ್ಚುಕಡಿಮೆ ಇದೇ. ಚಿತ್ರೀಕರಣಕ್ಕೆ ಇದ್ದದ್ದೆಲ್ಲ ಸುರಿದು, ಪೋಸ್ಟರ್ ಅಂಟಿಸಲು ಸಾಲ ಹುಡುಕುವ ಸ್ಥಿತಿಗೆ ಬಂದಿರುತ್ತಾರೆ.

ಟಿಕೆಟ್ ಲೆಕ್ಕ ನೋಡಿ. ಮಲ್ಟಿಪ್ಲೆಕ್ಸ್‌ನಲ್ಲಿ ತೆರಿಗೆ ಸೇರಿ 200 ರೂಪಾಯಿ ಟಿಕೆಟ್ ಅಂತಿಟ್ಟುಕೊಳ್ಳಿ. ನೂರರ ಮೇಲಿನ ಟಿಕೆಟ್‌ಗೆ ಜಿಎಸ್‌ಟಿ 18%, ಅದು ಹೋದರೆ ಉಳಿಯುವುದು 169.49. ಮೊದಲ ವಾರ ಅರ್ಧರ್ಧ ಹಂಚಿಕೆ ಅಂದರೆ ನಿಮ್ಮ ಪಾಲು 84.75. ವಿತರಕರ ಕಮಿಷನ್ 10% ಕಳೆದರೆ 76 ರೂಪಾಯಿ ಚಿಲ್ಲರೆ. 60 ಲಕ್ಷ ವಾಪಸ್ ಬರಬೇಕಾದರೆ ಹತ್ತಿರಹತ್ತಿರ 78,700 ಟಿಕೆಟ್ ಮಾರಾಟವಾಗಬೇಕು. 250 ಸೀಟಿನ 15 ಸ್ಕ್ರೀನ್‌ಗಳಲ್ಲಿ ದಿನಕ್ಕೊಂದು ಶೋ ಸಿಕ್ಕಿತು ಅನ್ನಿ, ವಾರಕ್ಕೆ ಇರುವುದೇ 26,250 ಸೀಟು. ಮೂರು ವಾರ ಪ್ರತಿ ಶೋ ಹೌಸ್‌ಫುಲ್ ಆದರೆ ಆ ಸಂಖ್ಯೆ ಮುಟ್ಟುತ್ತದೆ. ಅಷ್ಟರಲ್ಲಿ ಎರಡನೇ, ಮೂರನೇ ವಾರದ ನಿಮ್ಮ ಶೇಕಡಾವಾರು ಇಳಿದಿರುತ್ತದೆ. ಹಾಗಾಗಿ ಥಿಯೇಟರ್ ಒಂದರಿಂದಲೇ ಅಸಲು ಹುಟ್ಟುತ್ತದೆ ಅನ್ನುವ ಆಸೆ ಬಿಡಿ. ಥಿಯೇಟರ್ ತನ್ನ ಖರ್ಚನ್ನು ತಾನೇ ದುಡಿದುಕೊಳ್ಳಬೇಕು, ಅಷ್ಟು ಗುರಿ ಇಟ್ಟುಕೊಳ್ಳಿ. ಬಿಡುಗಡೆಗೆ 10 ಲಕ್ಷ ಹಾಕಿದರೆ ಅದು ಮರಳಲು ಸುಮಾರು 13,100 ಟಿಕೆಟ್ ಬೇಕು. 15 ಸ್ಕ್ರೀನ್, ದಿನಕ್ಕೊಂದು ಶೋ, ಒಂದು ವಾರ ಅಂದರೆ 105 ಶೋ, ಶೋಗೆ 125 ಜನ. ಕಷ್ಟ ಇದೆ, ಆದರೆ ಆಗದ ಮಾತಲ್ಲ.

ಆದ್ದರಿಂದ 60ನ್ನು ಹೀಗೆ ಒಡೆಯಿರಿ: ಶೂಟಿಂಗ್ 38, ಎಡಿಟಿಂಗ್-ಸೌಂಡ್-ಡಿಐ 9, ಕಾಗದಪತ್ರ, ಸೆನ್ಸಾರ್, ವಿಮೆ ಎಲ್ಲ ಸೇರಿ 3, ಬಿಡುಗಡೆ 10. ಆ ಹತ್ತನ್ನು ಬೇರೆ ಖಾತೆಗೆ ಹಾಕಿ, ಇಬ್ಬರ ಸಹಿ ಇಲ್ಲದೆ ತೆಗೆಯಲಾಗದ ಹಾಗೆ ಮಾಡಿ. ಶೂಟಿಂಗ್‌ನ ಕೊನೆಯ ವಾರ ಮಳೆ ಬಂದು ಶೆಡ್ಯೂಲ್ ಕೈಕೊಟ್ಟಾಗ ಎಲ್ಲರ ಕಣ್ಣೂ ಮೊದಲು ಹೋಗುವುದು ಆ ಹಣದ ಮೇಲೆಯೇ. 47ರ ಶೂಟಿಂಗ್ 38ಕ್ಕೆ ಇಳಿಯಬೇಕಾದರೆ ದಿನ ಕಡಿಮೆ ಮಾಡಿ, ಜನರ ಬಾಟಾ (ದಿನಭತ್ಯೆ) ಮುರಿಯಬೇಡಿ. ಎರಡು ಊರಿನ ಲೊಕೇಶನ್ ಒಂದು ಊರಿಗೆ ಬಂದರೆ ವಾಹನ, ವಸತಿ, ಜನರೇಟರ್ ಮೂರೂ ಒಟ್ಟಿಗೆ ಇಳಿಯುತ್ತವೆ. ಪಾತ್ರವರ್ಗ ಕಡಿಮೆ ಮಾಡುವುದಕ್ಕಿಂತ ಇದರಲ್ಲಿ ಹೆಚ್ಚು ಉಳಿಯುತ್ತದೆ.

ಫೈನಾನ್ಶಿಯರ್ ಸಾಲ ಬೇಡವೇ ಬೇಡ. 20 ಲಕ್ಷಕ್ಕೆ 3% ಅಂದರೆ ತಿಂಗಳಿಗೆ 60 ಸಾವಿರ, 18 ತಿಂಗಳಿಗೆ 10.8 ಲಕ್ಷ. ನಿಮ್ಮ ಇಡೀ ಬಿಡುಗಡೆ ಹಣ ಬಡ್ಡಿಗೇ ಹೋಯಿತು. ಜೊತೆಗೆ ನೆಗೆಟಿವ್ ರೈಟ್ಸ್ (ಸಿನಿಮಾದ ಮೂಲ ಹಕ್ಕು) ಬರೆಸಿಕೊಂಡು, ತಮ್ಮನ್ನು ಕೇಳದೆ ಪ್ರತಿ ಕೊಡಬೇಡಿ ಅಂತ ಲ್ಯಾಬಿಗೆ ಪತ್ರ ಹಾಕಿಸಿರುತ್ತಾರೆ, ಅವರ ಎನ್‌ಒಸಿ ಇಲ್ಲದೆ ಸಿನಿಮಾ ಹೊರಗೆ ಬರುವುದಿಲ್ಲ. ಬಿಡುಗಡೆಯ ಹಿಂದಿನ ರಾತ್ರಿ ಚೌಕಾಸಿ ನಡೆದರೆ ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ. ನಾಳೆ ಬೆಳಗ್ಗೆ ಶೋ ಇರುವವರ ಮೇಲೆ ಯಾವ ಷರತ್ತನ್ನಾದರೂ ಹೇರಬಹುದು. ಈ ಸಾಲ, ಮುಂಗಡ ಬುಕಿಂಗ್ ಖಾತ್ರಿ ಇರುವ ಸ್ಟಾರ್ ಸಿನಿಮಾಕ್ಕೆ ಹೊಂದುವಂಥದ್ದು.

ಸಬ್ಸಿಡಿ 10 ಲಕ್ಷ ಸಿಕ್ಕರೆ ಸಂತೋಷ. ಸೆನ್ಸಾರ್ ಆದ ಮೇಲೆ ಅರ್ಜಿ, ಸಮಿತಿ ನೋಡಬೇಕು, ಆಯ್ಕೆ ಆಗಬೇಕು, ಆಮೇಲೆ ಹಣ. ವರ್ಷಗಳೇ ಹಿಡಿದ ಉದಾಹರಣೆಗಳಿವೆ. ಬಜೆಟ್ಟಿನ ಆದಾಯದ ಕಡೆ ಅದಕ್ಕೆ ಸೊನ್ನೆ ಬರೆಯಿರಿ. ಓಟಿಟಿಗೂ ಸೊನ್ನೆಯೇ. ಸ್ಟಾರ್ ಇಲ್ಲದ ಸಿನಿಮಾವನ್ನು ಮೊದಲೇ ಒಂದು ಮೊತ್ತ ಕೊಟ್ಟು ಕೊಳ್ಳುವುದು ಈಗ ಅಪರೂಪ. ಹೆಚ್ಚಿನದು ನೋಡಿದ ನಿಮಿಷಗಳ ಮೇಲೆ ಪಾಲು, ಅದೂ ಸಿನಿಮಾವನ್ನು ಓಟಿಟಿಗೆ ತಲುಪಿಸುವ ನಡುವಿನ ಅಗ್ರಿಗೇಟರ್ ತನ್ನ ಪಾಲು ಕಳೆದುಕೊಂಡ ಮೇಲೆ.

ಉಳಿದದ್ದು 70 ಜನರ ದಾರಿ. ನನ್ನ ಮತ ಅದಕ್ಕೇ. 2013ರ ‘ಲೂಸಿಯಾ’ಕ್ಕೆ ನೂರಕ್ಕೂ ಹೆಚ್ಚು ಜನ ಸೇರಿ ಸುಮಾರು 51 ಲಕ್ಷ ಕೊಟ್ಟರು. 2023ರ ‘ಡೇರ್‌ಡೆವಿಲ್ ಮುಸ್ತಾಫಾ’ಕ್ಕೆ ತೇಜಸ್ವಿ ಓದುಗರು ಕೈಹಾಕಿದರು. ಎರಡರಲ್ಲೂ ಹಣ ಕೊಟ್ಟವರೇ ಮೊದಲ ವಾರದ ಪ್ರಚಾರಕರೂ ಆದರು. ಸಾಲ ಕೊಟ್ಟ ಫೈನಾನ್ಶಿಯರ್ ಆ ಕೆಲಸ ಮಾಡುವುದಿಲ್ಲ. ಆದರೆ ಕಾನೂನಿನ ಕಡೆ ಎಚ್ಚರ ಬೇಕು, ಅದನ್ನು ಇಲ್ಲಿ ತಿಳಿದವರು ಬರೆಯಲಿ.

ಕಾಗದಪತ್ರ:

ಮೇಲಿನವರು ಹೇಳಿದ ಕಾನೂನಿನ ಭಾಗಕ್ಕೆ ಬರುತ್ತೇನೆ. ಫೇಸ್‌ಬುಕ್‌ನಲ್ಲಿ ‘50 ಸಾವಿರ ಹಾಕಿ, ಲಾಭದಲ್ಲಿ ಪಾಲು ಪಡೆಯಿರಿ’ ಅಂತ ಬರೆದು ಅಪರಿಚಿತರಿಂದ ಹಣ ತೆಗೆದುಕೊಳ್ಳಬೇಡಿ. 2019ರಲ್ಲಿ ಅನಿಯಂತ್ರಿತ ಠೇವಣಿ ನಿಷೇಧ ಕಾಯ್ದೆ ಬಂದ ಮೇಲೆ ಇದು ಕ್ರಿಮಿನಲ್ ಕೇಸಿಗೆ ಹೋಗಬಹುದಾದ ವಿಷಯ. ‘ಲೂಸಿಯಾ’ ಕಾಲದ ಮಾದರಿಯನ್ನು ಕಣ್ಣುಮುಚ್ಚಿ ನಕಲು ಮಾಡುವ ಹಾಗಿಲ್ಲ.

ಸಾಮಾನ್ಯ ಪಾಲುದಾರಿಕೆಯಲ್ಲಿ 50ಕ್ಕಿಂತ ಹೆಚ್ಚು ಪಾಲುದಾರರು ಇರುವಂತಿಲ್ಲ, ಹಾಗಾಗಿ 70 ಜನ ಅಲ್ಲಿ ಹಿಡಿಸುವುದಿಲ್ಲ. ಎಲ್ಎಲ್‌ಪಿಯಲ್ಲಿ (ಸೀಮಿತ ಹೊಣೆಯ ಪಾಲುದಾರಿಕೆ) ಮಿತಿ ಇಲ್ಲ, ಆದರೆ ಪ್ರತಿಯೊಬ್ಬರ ಕೆವೈಸಿ, ಒಪ್ಪಂದಕ್ಕೆ ಪ್ರತಿಯೊಬ್ಬರ ಸಹಿ. ಒಬ್ಬರು ಹೊರಹೋದರೂ ಮತ್ತೆ ಫೈಲಿಂಗ್. ಪ್ರೈವೇಟ್ ಲಿಮಿಟೆಡ್ ಕಂಪನಿ ಮಾಡಿ 2013ರ ಕಂಪನಿ ಕಾಯ್ದೆಯ 42ನೇ ಸೆಕ್ಷನ್ ಪ್ರಕಾರ ಖಾಸಗಿಯಾಗಿ ಷೇರು ಕೊಡಬಹುದು. ವರ್ಷಕ್ಕೆ 200 ಜನರ ಮಿತಿ, ಜಾಹೀರಾತು ಕೊಡುವಂತಿಲ್ಲ, ಹೆಸರು ಹಾಕಿ ಕಳಿಸಿದ ಆಫರ್ ಪತ್ರ ಬೇಕು, ಹಣ ಬ್ಯಾಂಕ್ ಮೂಲಕವೇ ಬರಬೇಕು, ಬಂದ 60 ದಿನದೊಳಗೆ ಷೇರು ಹಂಚಬೇಕು. ನನಗೆ ಕೇಳಿದರೆ, 70 ಜನರ ಬದಲು 15–20 ಜನರಿಂದ ಎರಡೆರಡು ಲಕ್ಷ ತನ್ನಿ. ದಾಖಲೆಯ ಖರ್ಚೂ ಇಳಿಯುತ್ತದೆ, ಲೆಕ್ಕ ಕೊಡುವುದೂ ಸುಲಭ. ಉಳಿದ ಅಭಿಮಾನಿಗಳಿಗೆ ಲಾಭದ ಮಾತೇ ಆಡದೆ ಮುಂಗಡ ಟಿಕೆಟ್, ಪೋಸ್ಟರ್, ಕೃತಜ್ಞತೆಯ ಪಟ್ಟಿಯಲ್ಲಿ ಹೆಸರು, ಇಂಥವನ್ನು ಮಾರಿ.

ಹಣ ವಾಪಸಾಗುವ ಸರದಿಯನ್ನು ಒಪ್ಪಂದದಲ್ಲೇ ಬರೆಯಿರಿ: ಮೊದಲು ಬಿಡುಗಡೆ ಖರ್ಚು, ನಂತರ ವಿತರಕರ ಕಮಿಷನ್, ನಂತರ ಹೂಡಿಕೆದಾರರಿಗೆ ಹಾಕಿದ ಪ್ರಮಾಣದಲ್ಲಿ ಅಸಲು, ಆಮೇಲೆ ಬಾಕಿ ಉಳಿಸಿಕೊಂಡ ಸಂಭಾವನೆಗಳು, ಕೊನೆಗೆ ಲಾಭದ ಹಂಚಿಕೆ. ಸಬ್ಸಿಡಿ, ಪ್ರಶಸ್ತಿಯ ನಗದು ಈ ಸರದಿಯಲ್ಲಿ ಎಲ್ಲಿ ಸೇರುತ್ತದೆ ಅಂತಲೂ ಹೇಳಿ. ಜಗಳ ಹುಟ್ಟುವುದು ಅಲ್ಲಿಯೇ. ನಿರ್ದೇಶಕರಿಗೆ ಬಂದ ಪ್ರಶಸ್ತಿ ಹಣ ನಮ್ಮದೂ ಅಂತ ಹೂಡಿಕೆದಾರರು ಕೇಳುತ್ತಾರೆ, ಕಾಗದ ಮೌನವಾಗಿದ್ದರೆ ಸ್ನೇಹ ಹೋಗುತ್ತದೆ.

ಇನ್ನು ಲೇಖಕರ ಬಾಯಿಮಾತಿನ ಒಪ್ಪಿಗೆ. ನಿಮ್ಮ ಇಡೀ ಯೋಜನೆಯಲ್ಲಿ ಅತ್ಯಂತ ದುರ್ಬಲ ಜಾಗ ಇದು. ಹಕ್ಕಿನ ವರ್ಗಾವಣೆ ಬರಹದಲ್ಲಿ, ಸಹಿಯೊಂದಿಗೆ ಇರಲೇಬೇಕು. ಆ ಪತ್ರದಲ್ಲಿ ಅವಧಿ ಬರೆಯದಿದ್ದರೆ ಹಕ್ಕುಸ್ವಾಮ್ಯ ಕಾಯ್ದೆಯ 19(5)ರಂತೆ ಐದೇ ವರ್ಷ ಅಂತ ಭಾವಿಸಲಾಗುತ್ತದೆ. ಪ್ರದೇಶ ಬರೆಯದಿದ್ದರೆ 19(6)ರಂತೆ ಭಾರತಕ್ಕೆ ಮಾತ್ರ. ‘ನನ್ನ ಕಥೆಯನ್ನು ಸಿನಿಮಾ ಮಾಡಲು ಒಪ್ಪಿಗೆ ಇದೆ’ ಅನ್ನುವ ಒಂದು ಸಾಲಿನ ಪತ್ರ ಇಟ್ಟುಕೊಂಡು ಹೊರದೇಶಕ್ಕೆ ಮಾರಲು ಹೋದರೆ ಅಲ್ಲೇ ನಿಲ್ಲುತ್ತೀರಿ. 19(4) ಇನ್ನೊಂದು ಕಡೆಯಿಂದ ಹಿಡಿಯುತ್ತದೆ: ಪತ್ರದಲ್ಲಿ ಬೇರೆ ಕಾಲಮಿತಿ ಇಲ್ಲದಿದ್ದರೆ, ಒಂದು ವರ್ಷದೊಳಗೆ ಬಳಸದ ಹಕ್ಕು ಹೋಗಿಬಿಡುತ್ತದೆ. ಆದ್ದರಿಂದ ಅವಧಿ, ಪ್ರದೇಶ, ಮಾಧ್ಯಮ, ರೀಮೇಕ್, ಡಬ್ಬಿಂಗ್, ಮೊತ್ತ, ಎಷ್ಟು ಸಮಯದೊಳಗೆ ಚಿತ್ರೀಕರಣ, ಎಲ್ಲವನ್ನೂ ಬರೆಯಿರಿ. ಲೇಖಕರಿಗೆ ಗೌರವಯುತ ಮೊತ್ತ ಕೊಡಿ, ಶೂಟಿಂಗ್‌ಗೆ ಮೊದಲೇ ಕೊಡಿ.

ಸಂಗೀತಗಾರರು, ಗೀತರಚನೆಕಾರರ ಜೊತೆಗಿನ ಪತ್ರವೂ ಹೀಗೇ ಇರಲಿ. 2012ರ ತಿದ್ದುಪಡಿಯ ನಂತರ ಚಿತ್ರಮಂದಿರದ ಹೊರಗಿನ ಬಳಕೆಯಲ್ಲಿ ಅವರ ರಾಯಧನದ ಪಾಲನ್ನು ನೀವು ಬರೆಸಿಕೊಳ್ಳಲು ಆಗುವುದಿಲ್ಲ; ‘ಎಲ್ಲ ಹಕ್ಕೂ ನಿರ್ಮಾಪಕರದ್ದು’ ಅಂತ ಹಳೆಯ ನಮೂನೆಯಲ್ಲಿ ಟೈಪ್ ಮಾಡಿಸಿದರೂ ಅಷ್ಟರ ಮಟ್ಟಿಗೆ ಅದು ನಿಲ್ಲದು. ಹಿನ್ನೆಲೆಯಲ್ಲಿ ರೇಡಿಯೊದಲ್ಲಿ ಹಳೆಯ ಹಾಡು ಕೇಳಿಸುವ ದೃಶ್ಯವಿದ್ದರೆ ಈಗಲೇ ಸ್ಕ್ರಿಪ್ಟ್‌ನಿಂದ ತೆಗೆಯಿರಿ. ದನ, ನಾಯಿ, ಕೋಳಿ ದೃಶ್ಯದಲ್ಲಿದ್ದರೆ ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿಯನ್ನು ಚಿತ್ರೀಕರಣಕ್ಕೆ ಮೊದಲೇ ತೆಗೆದುಕೊಳ್ಳಿ. ಮಲೆನಾಡಿನ ಅಂಗಳದಲ್ಲಿ ತಾನಾಗಿ ಅಡ್ಡಾಡಿದ ನಾಯಿಗೂ ಸೆನ್ಸಾರ್ ಹಂತದಲ್ಲಿ ಕಾಗದ ಕೇಳುತ್ತಾರೆ.

ಬಿಕೆಟಿ_ಡೆಸ್ಕ್:

ರಿಲೀಸ್ ಬಗ್ಗೆ ಹೇಳ್ತೀನಿ. ನಲವತ್ತು ಸ್ಕ್ರೀನ್ ಅನ್ನೋದು ಪೋಸ್ಟರ್ ಮೇಲೆ ಚೆಂದ, ಲೆಕ್ಕದಲ್ಲಿ ಅಲ್ಲ. ಪ್ರತಿ ಸ್ಕ್ರೀನ್‌ಗೂ ಡಿಜಿಟಲ್ ಪ್ರೊಜೆಕ್ಷನ್ ಕಂಪನಿಗಳಾದ ಕ್ಯೂಬ್ ಅಥವಾ ಯುಎಫ್‌ಒಗೆ ವಿಪಿಎಫ್ (ಪ್ರಿಂಟ್ ಖರ್ಚಿನ ಬದಲಿನ ಡಿಜಿಟಲ್ ಶುಲ್ಕ) ಕಟ್ಟಬೇಕು, ಅದೂ ಬಿಡುಗಡೆಗೆ ಮೊದಲೇ. ಜನ ಬರದ ಊರಿಗೂ ಅದೇ ದುಡ್ಡು. ಸಿಂಗಲ್ ಸ್ಕ್ರೀನ್ ಬಾಡಿಗೆ ಪದ್ಧತಿಯಲ್ಲಿ ಸಿಕ್ಕರೆ ಖಾಲಿ ಶೋಗೂ ಬಾಡಿಗೆ ನಿಮ್ಮದೇ. ಮೆಜೆಸ್ಟಿಕ್ಕಿನ ಮೇನ್ ಥಿಯೇಟರ್ ಬೇಕೇ ಬೇಕು ಅನ್ನೋ ಹಠ ನಿಮ್ಮಂಥ ಸಿನಿಮಾಕ್ಕೆ ಬೇಡ.

ಸ್ಟಾರ್ ಇಲ್ಲದ ಚಿತ್ರಕ್ಕೆ ವಿತರಕರು ಎಂಜಿ (ಮೊದಲೇ ಕೊಡೋ ಖಾತ್ರಿ ಮೊತ್ತ) ಕೊಡಲ್ಲ, ಔಟ್‌ರೈಟ್ (ಹಕ್ಕು ಪೂರ್ತಿ ಕೊಳ್ಳೋದು) ಅಂತೂ ಇಲ್ಲ. ಕಮಿಷನ್ ಮೇಲೆ ಮಾಡಿಕೊಡ್ತಾರೆ, ಅಂದರೆ ಖರ್ಚು ಪೂರ್ತಿ ನಿಮ್ಮದು. ಅಗ್ರಿಮೆಂಟಲ್ಲಿ ಮೂರು ಮಾತು ಬರೆಸಿ: ದಿನದ ಕಲೆಕ್ಷನ್ ವರದಿ (ಡಿಸಿಆರ್) ಪ್ರತಿ ರಾತ್ರಿ ಬರಬೇಕು, ಪ್ರಚಾರಕ್ಕೆ ಅಂತ ಕಳೆಯೋ ಮೊತ್ತಕ್ಕೆ ಮೇಲ್ಮಿತಿ ಮತ್ತು ಬಿಲ್ ಇರಬೇಕು, ಕೊನೆ ಶೋ ಆಗಿ ಇಂತಿಷ್ಟು ದಿನದಲ್ಲಿ ಸೆಟ್ಲ್‌ಮೆಂಟ್ ಆಗಬೇಕು. ಒಬ್ಬರಿಗೇ ಇಡೀ ಕರ್ನಾಟಕ ಕೊಡೋದೋ, ಬಿಕೆಟಿ (ಬೆಂಗಳೂರು–ಕೋಲಾರ–ತುಮಕೂರು) ಒಬ್ಬರಿಗೆ, ಮೈಸೂರು ಕಡೆಯದು ಇನ್ನೊಬ್ಬರಿಗೆ, ಹುಬ್ಬಳ್ಳಿ ಕಡೆಯದು ಮತ್ತೊಬ್ಬರಿಗೆ ಅಂತ ಒಡೆಯೋದೋ ಅಂದರೆ, 15 ಸ್ಕ್ರೀನ್‌ಗೆ ಒಬ್ಬರೇ ಸಾಕು.

ಸ್ಕ್ರೀನ್ ಎಣಿಕೆಗಿಂತ ಶೋ ಟೈಮಿಗೆ ಜಗಳ ಮಾಡಿ. ಬೆಳಗ್ಗೆ 10ಕ್ಕೆ ನಾಲ್ಕು ಕಡೆ ಕೊಡ್ತೀವಿ ಅಂದರೆ, ಎರಡು ಕಡೆ ಸಾಕು ಸಂಜೆ 7ಕ್ಕೆ ಕೊಡಿ ಅನ್ನಿ. ನಿಮ್ಮ ಪ್ರೇಕ್ಷಕರು ಕೆಲಸಕ್ಕೆ ಹೋಗೋರು, ಮಂಗಳವಾರ ಬೆಳಗ್ಗೆ ಹತ್ತಕ್ಕೆ ಯಾರೂ ಬರಲ್ಲ. ಮಲ್ಟಿಪ್ಲೆಕ್ಸ್‌ನವರು ಶುಕ್ರವಾರದಿಂದ ಭಾನುವಾರದವರೆಗಿನ ಸೀಟು ತುಂಬಿದ ಪ್ರಮಾಣ ನೋಡಿ ಸೋಮವಾರ ಮುಂದಿನ ವಾರದ್ದು ತೀರ್ಮಾನ ಮಾಡ್ತಾರೆ. 15 ಸ್ಕ್ರೀನಲ್ಲಿ ಅರ್ಧ ತುಂಬಿದ ಸಿನಿಮಾ ಉಳಿಯುತ್ತೆ. ಅದೇ ಜನ 40 ಸ್ಕ್ರೀನಿಗೆ ಹಂಚಿಹೋದರೆ ಎಲ್ಲ ಕಡೆ ಖಾಲಿ ಕಾಣುತ್ತೆ, ಸೋಮವಾರವೇ ತೆಗೀತಾರೆ.

ಬುಧವಾರ, ಗುರುವಾರ ಸಂಜೆ ಪೇಯ್ಡ್ ಪ್ರೀಮಿಯರ್ ಹಾಕಿ. ಮೈಸೂರು, ಶಿವಮೊಗ್ಗ, ಹುಬ್ಬಳ್ಳಿ, ಮಂಗಳೂರು, ಬೆಂಗಳೂರಲ್ಲಿ ಎರಡು. ಶಿರಸಿ ಕಥೆ ಅಂದಮೇಲೆ ಶಿರಸಿಯಲ್ಲಿ ಮೊದಲ ದಿನ ಇರಲೇಬೇಕು. ಊರಿನ ರಂಗತಂಡ, ಸೊಸೈಟಿ, ಕಾಲೇಜು ಮೂಲಕ ಮುಂಗಡ ಟಿಕೆಟ್ ಹೋಗುತ್ತೆ.

ಕೆಡಿಎಂ ಬಗ್ಗೆ ಒಂದು ಮಾತು. ಅದು ಬೀಗ ಹಾಕಿದ ಸಿನಿಮಾ ಫೈಲನ್ನ ಆ ಪರದೆಯ ಸರ್ವರ್‌ಗೆ, ಆ ದಿನಾಂಕಕ್ಕೆ ಮಾತ್ರ ತೆಗೆಯೋ ಡಿಜಿಟಲ್ ಬೀಗದ ಕೈ. ಮೂರನೇ ಸ್ಕ್ರೀನ್ ಅಂತ ಕೀ ಬಂದಿರುತ್ತೆ, ಶುಕ್ರವಾರ ಬೆಳಗ್ಗೆ ದೊಡ್ಡ ಸಿನಿಮಾಕ್ಕೋಸ್ಕರ ನಿಮ್ಮದನ್ನ ಐದಕ್ಕೆ ಎತ್ತಿಹಾಕ್ತಾರೆ, ಕೀ ತಗೊಳ್ಳಲ್ಲ, ಮೊದಲ ಶೋ ಕ್ಯಾನ್ಸಲ್. ಆ ಮಲ್ಟಿಪ್ಲೆಕ್ಸಿನ ಎಲ್ಲ ಸ್ಕ್ರೀನಿಗೂ ಕೀ ಕಳಿಸಿ ಅಂತ ಮೊದಲೇ ಬರೆದು ಕೇಳಿ. ಗುರುವಾರ ಮಧ್ಯಾಹ್ನ ಪ್ರತಿ ಪ್ರೊಜೆಕ್ಷನ್ ರೂಮಿಗೆ ಫೋನ್ ಮಾಡಿ, ಲೋಡ್ ಆಯ್ತಾ, ಐದು ನಿಮಿಷ ಓಡಿಸಿ ನೋಡಿದ್ರಾ ಅಂತ ವಿಚಾರಿಸೋಕೆ ಒಬ್ಬರನ್ನ ಕೂರಿಸಿ.

ಬ್ಯಾನರ್, ಟೈಟಲ್ ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಯಲ್ಲಿ ಈಗಲೇ ರಿಜಿಸ್ಟರ್ ಮಾಡಿಸಿ. ಹೆಸರು ಬೇರೆಯವರ ಹತ್ತಿರ ಇದ್ದರೆ ಪೋಸ್ಟರ್ ಬಂದಮೇಲೆ ಬದಲಾಯಿಸೋದು ನರಕ. ಥಿಯೇಟರಲ್ಲಿ ಹಾಕೋ ಟ್ರೇಲರ್‌ಗೂ ಪ್ರತ್ಯೇಕ ಸೆನ್ಸಾರ್ ಬೇಕು ಅನ್ನೋದು ಮರೀಬೇಡಿ.

ಹೊಸಪರದೆ:

ಎಲ್ಲರಿಗೂ ಧನ್ಯವಾದ. ಶೂಟಿಂಗ್ ಬಜೆಟ್ 38ಕ್ಕೆ ಇಳಿಸಿ ಮತ್ತೆ ಬರೆಯುತ್ತಿದ್ದೇವೆ, ಲೇಖಕರ ಪತ್ರ ಈ ವಾರವೇ ಮಾಡಿಸುತ್ತೇವೆ. ಫೆಸ್ಟಿವಲ್ ಮೊದಲೋ ಥಿಯೇಟರ್ ಮೊದಲೋ ಅನ್ನುವುದು ಉಳಿಯಿತು. ತಾಂತ್ರಿಕವಾಗಿ ಶೂಟಿಂಗ್‌ಗೆ ಮೊದಲೇ ನಿರ್ಧರಿಸಬೇಕಾದದ್ದು ಏನಾದರೂ ಇದೆಯಾ?

ಮಿಕ್ಸ್‌ರೂಮ್:

ಇದೆ. ಸೆಕೆಂಡಿಗೆ 24 ಫ್ರೇಮ್‌ನಲ್ಲೇ ಶೂಟ್ ಮಾಡಿ. ಕಿರುಚಿತ್ರ, ಟಿವಿ ಕಡೆಯಿಂದ ಬಂದ ಕ್ಯಾಮೆರಾ ತಂಡ ಅಭ್ಯಾಸಬಲದಿಂದ 25 ಇಡುತ್ತದೆ. ಥಿಯೇಟರ್‌ನಲ್ಲಿ ಓಡುವ ಡಿಜಿಟಲ್ ಫೈಲ್ (ಡಿಸಿಪಿ) ಸಾಮಾನ್ಯವಾಗಿ 24ರದ್ದು. ಹಾಗೇ ನಿಧಾನಿಸಿದರೆ 100 ನಿಮಿಷದ ಚಿತ್ರ 104 ಆಗುತ್ತದೆ, ದನಿಯ ಶ್ರುತಿ ಇಳಿಯುತ್ತದೆ, ಅದನ್ನು ಸರಿಪಡಿಸಲು ಇಡೀ ಟ್ರ್ಯಾಕ್ ಮತ್ತೆ ಸಂಸ್ಕರಿಸಬೇಕು. 24ರಲ್ಲಿ ನಮ್ಮ 50 ಹರ್ಟ್ಸ್ ಕರೆಂಟಿನ ಕೆಳಗೆ ಟ್ಯೂಬ್‌ಲೈಟ್, ಅಗ್ಗದ ಎಲ್ಇಡಿ ಮಿಣುಕದಿರಲು ಶಟರ್ 172.8 ಡಿಗ್ರಿ ಇಡಿ, ಅಂದರೆ ಸೆಕೆಂಡಿನ 1/50. ಹಳ್ಳಿಮನೆಯೊಳಗಿನ ದೃಶ್ಯಗಳಲ್ಲಿ ಇದು ಮುಖ್ಯ.

ಮಲೆನಾಡಿನಲ್ಲಿ ಸಿಂಕ್ ಸೌಂಡ್ ಅಂದರೆ ಜೀರುಂಡೆ. ಒಂದು ಟೇಕ್‌ನಲ್ಲಿ ಕೂಗುತ್ತಿರುತ್ತದೆ, ಮುಂದಿನದರಲ್ಲಿ ಇಲ್ಲ; ಎರಡನ್ನೂ ಜೋಡಿಸಿದಾಗ ಕಟ್ ಕಿವಿಗೆ ಹೊಡೆಯುತ್ತದೆ. ಪ್ರತಿ ಲೊಕೇಶನ್‌ನಲ್ಲಿ, ಪ್ರತಿ ಹೊತ್ತಿನಲ್ಲಿ, ಎಲ್ಲರೂ ಸುಮ್ಮನೆ ನಿಂತು ಒಂದು ನಿಮಿಷದ ಬರೀ ವಾತಾವರಣದ ಸದ್ದು ರೆಕಾರ್ಡ್ ಮಾಡಿ. ಅಸಿಸ್ಟೆಂಟ್ ಡೈರೆಕ್ಟರ್ ಅದನ್ನು ಶಾಟ್ ಪಟ್ಟಿಯಲ್ಲೇ ಬರೆದಿಟ್ಟರೆ ಮಾತ್ರ ಆಗುತ್ತದೆ, ಇಲ್ಲವಾದರೆ ಪ್ಯಾಕಪ್ ಗಡಿಬಿಡಿಯಲ್ಲಿ ಹೋಗುತ್ತದೆ.

ಮಿಕ್ಸಿಂಗ್ ಕೊಟೇಶನ್ ತೆಗೆದುಕೊಳ್ಳುವಾಗ 5.1 (ಥಿಯೇಟರಿನ ಸುತ್ತುಸದ್ದು) ಜೊತೆಗೆ ಸ್ಟೀರಿಯೊ, ಮಾತು-ಸಂಗೀತ-ಪರಿಣಾಮಗಳ ಪ್ರತ್ಯೇಕ ಟ್ರ್ಯಾಕ್‌ಗಳು (ಸ್ಟೆಮ್), ಮಾತಿಲ್ಲದೆ ಸಂಗೀತ, ಪರಿಣಾಮ ಮಾತ್ರ ಇರುವ ಎಂ-ಅಂಡ್-ಇ ಟ್ರ್ಯಾಕ್ ಎಲ್ಲವೂ ಸೇರಿವೆಯೇ ಕೇಳಿ. ಸಿಂಕ್ ಸೌಂಡ್‌ನಲ್ಲಿ ಹೆಜ್ಜೆ, ಪಾತ್ರೆ, ಬಾಗಿಲಿನ ಸದ್ದು ಮಾತಿನ ಮೈಕಿನೊಳಗೇ ಸೇರಿರುತ್ತದೆ, ಮಾತು ತೆಗೆದರೆ ಅವೂ ಹೋಗುತ್ತವೆ. ಆ ಖಾಲಿ ಜಾಗವನ್ನು ಫೋಲಿಯಿಂದ (ಸ್ಟುಡಿಯೊದಲ್ಲಿ ಮತ್ತೆ ಮಾಡಿಸುವ ಸದ್ದು) ತುಂಬಬೇಕು. ಈಗ ಮಾಡಿಸದಿದ್ದರೆ ಡಬ್ಬಿಂಗ್ ಹಕ್ಕು ಕೇಳಿ ಯಾರಾದರೂ ಬಂದ ದಿನ ಕೊಡಲು ಏನೂ ಇರುವುದಿಲ್ಲ. 5.1ಕ್ಕಿಂತ ದುಬಾರಿಯಾದ ಅಟ್ಮಾಸ್ ಮಿಕ್ಸ್ ಬೇಡ. ಅಕ್ಷರಗಳಿಲ್ಲದ ಮಾಸ್ಟರ್ ಒಂದನ್ನು, ಇಂಗ್ಲಿಷ್ ಸಬ್‌ಟೈಟಲ್ ಬೇರೆ ಫೈಲಾಗಿ ಇಟ್ಟುಕೊಳ್ಳಿ. ಸಬ್‌ಟೈಟಲನ್ನು ಕೊನೆಯ ರಾತ್ರಿ ಯಾರಿಂದಲೋ ಮಾಡಿಸಬೇಡಿ. ಫೆಸ್ಟಿವಲ್ ಆಯ್ಕೆಗಾರರಿಗೆ ನಿಮ್ಮ ಸಂಭಾಷಣೆ ಅಂದರೆ ಅದೇ, ಸಿದ್ದಾಪುರದ ಹವ್ಯಕ ಮಾತಿನ ಸೊಗಸು ತಿಳಿದವರೇ ಅದನ್ನು ಬರೆಯಬೇಕು.

ಲೆಕ್ಕದಪುಸ್ತಕ:

ಫೆಸ್ಟಿವಲ್ ಮೊದಲು. ಥಿಯೇಟರ್‌ನಲ್ಲಿ ಅಥವಾ ಆನ್‌ಲೈನ್‌ನಲ್ಲಿ ಬಂದುಹೋದ ಚಿತ್ರವನ್ನು ದೊಡ್ಡ ಉತ್ಸವಗಳ ಸ್ಪರ್ಧಾ ವಿಭಾಗ ತೆಗೆದುಕೊಳ್ಳುವುದಿಲ್ಲ, ಆ ಬಾಗಿಲು ಒಂದೇ ಸಲ ತೆರೆಯುವುದು. ರಫ್ ಕಟ್ ಇರುವಾಗಲೇ ನವೆಂಬರಿನ ಗೋವಾ ಫಿಲ್ಮ್ ಬಜಾರ್‌ಗೆ (ಈಗ ವೇವ್ಸ್ ಫಿಲ್ಮ್ ಬಜಾರ್) ಕಳಿಸಿ, ಅಲ್ಲಿ ಉತ್ಸವಗಳ ಆಯ್ಕೆಗಾರರೂ ಸೇಲ್ಸ್ ಏಜೆಂಟರೂ ಒಂದೇ ಕಡೆ ಸಿಗುತ್ತಾರೆ. ಆದರೆ ಕಾಲ ಹಿಡಿಯುತ್ತದೆ. ‘ತಿಥಿ’ 2015ರ ಆಗಸ್ಟ್‌ನಲ್ಲಿ ಲೊಕಾರ್ನೊದಲ್ಲಿ ಗೆದ್ದು ಇಲ್ಲಿ ತೆರೆಗೆ ಬಂದದ್ದು 2016ರ ಮೇನಲ್ಲಿ. ‘ಶಿವಮ್ಮ’ 2022ರ ಅಕ್ಟೋಬರಿನಲ್ಲಿ ಬೂಸಾನ್‌ನ ನ್ಯೂ ಕರೆಂಟ್ಸ್ ಪ್ರಶಸ್ತಿ ಪಡೆದು ಥಿಯೇಟರ್‌ಗೆ ಬಂದದ್ದು 2024ರ ಜೂನ್‌ನಲ್ಲಿ, 20 ತಿಂಗಳ ನಂತರ. ಆ 20 ತಿಂಗಳನ್ನು ನೀವು ಕೇಳಿದ ಫೈನಾನ್ಶಿಯರ್ ಸಾಲಕ್ಕೆ ಹಾಕಿ ನೋಡಿ: ಬಡ್ಡಿಯೇ 12 ಲಕ್ಷ. ಸಾಲದ ಹಣದಲ್ಲಿ ಕಾಯಲು ಆಗುವುದಿಲ್ಲ, ಪಾಲಿನ ಹಣದಲ್ಲಿ ಆಗುತ್ತದೆ. ಹೂಡಿಕೆದಾರರ ಪತ್ರದಲ್ಲೇ ‘ಎರಡು ವರ್ಷ ಹಣ ಕೇಳುವಂತಿಲ್ಲ’ ಅಂತ ಬರೆಯಿರಿ.

ಎರಡು ದಿನಾಂಕ ಗಮನದಲ್ಲಿರಲಿ. ರಾಷ್ಟ್ರಪ್ರಶಸ್ತಿ, ಸಬ್ಸಿಡಿಗಳಿಗೆ ವರ್ಷ ಲೆಕ್ಕ ಹಾಕುವುದು ಸೆನ್ಸಾರ್ ಸರ್ಟಿಫಿಕೇಟಿನ ದಿನಾಂಕದಿಂದ. ಡಿಸೆಂಬರ್ ಕೊನೆ ವಾರದಲ್ಲಿ ಧಾವಂತದಿಂದ ತೆಗೆಸಿದರೆ ಆ ವರ್ಷದ ಪೈಪೋಟಿಗೆ ಸೇರುತ್ತೀರಿ, ಜನವರಿಯಲ್ಲಿ ತೆಗೆಸಿದರೆ ಮುಂದಿನದಕ್ಕೆ. ಫೆಸ್ಟಿವಲ್ ಸುತ್ತು ಮುಗಿಯುವ ಹೊತ್ತಿಗೆ ಯಾವುದು ಹೊಂದುತ್ತದೆ ನೋಡಿಕೊಳ್ಳಿ. ಇನ್ನೊಂದು ತೆರಿಗೆಯದ್ದು. 1962ರ ಆದಾಯ ತೆರಿಗೆ ನಿಯಮಗಳ 9ಎ ಪ್ರಕಾರ, ಹಣಕಾಸು ವರ್ಷ ಮುಗಿಯಲು ಕನಿಷ್ಠ 90 ದಿನ ಇರುವಾಗ ಬಿಡುಗಡೆಯಾಗಿದ್ದರೆ ನಿರ್ಮಾಣ ವೆಚ್ಚ ಪೂರ್ತಿ ಆ ವರ್ಷವೇ ಕಳೆಯಬಹುದು. ಫೆಬ್ರವರಿಯಲ್ಲಿ ಬಿಡುಗಡೆ ಮಾಡಿದರೆ ಆ ವರ್ಷ ಬಂದ ಆದಾಯದಷ್ಟೇ ವೆಚ್ಚ ಕಳೆಯಲು ಸಿಗುತ್ತದೆ, ಉಳಿದದ್ದು ಮುಂದಿನ ವರ್ಷಕ್ಕೆ. 2025ರ ಹೊಸ ಆದಾಯ ತೆರಿಗೆ ಕಾಯ್ದೆಯಡಿ ಈ ನಿಯಮದ ಸಂಖ್ಯೆ ಏನು ಅಂತ ಆಡಿಟರ್ ಹತ್ತಿರ ಕೇಳಿಕೊಂಡೇ ಶುಕ್ರವಾರ ನಿಗದಿ ಮಾಡಿ. ಮಾರ್ಚ್ ಪರೀಕ್ಷೆ ತಿಂಗಳು, ಅದರ ಬೆನ್ನಿಗೇ ಐಪಿಎಲ್. ಹಾಗಾಗಿ ನಿಮ್ಮ ಸಿನಿಮಾಕ್ಕೆ ದಸರಾ ದೊಡ್ಡ ಚಿತ್ರಗಳು ಇಳಿದ ಮೇಲಿನ ನವೆಂಬರ್ ವಾರಗಳನ್ನೇ ಮೊದಲು ಹುಡುಕಿ.